ಹಳದಿ ದಾರ ಕಟ್ಟಿದ ಲೈನು

ಮಾರ್ಚ್ 4, ಬೆಳಿಗ್ಗೆ

ಎಂದಿನಂತೆ ಟೆಲಿಫೋನ್ ಎಕ್ಸ್‌ಚೇಂಜ್ ಕೋಣೆಯ ಬೀಗ ತೆಗೆದೆ. ಬ್ಯಾಟರಿ ನೋಡಿದೆ. ಒಂಬತ್ತಕ್ಕೆ ಖಳನ ಪ್ರವೇಶ! ಮೂರು ದೇಶಗಳಲ್ಲಿ ಐದು ಫೋನ್ ಕಂಪನಿಗಳನ್ನು ನುಂಗಿಯೂ ತೇಗದ ಮಹಾಕಾಯನ ದೂತ. ಆರನೆಯ ತುತ್ತು ನಾವು. ಕತ್ತಿಗೆ ಟೈ, ಕಂಕುಳಲ್ಲಿ ಲ್ಯಾಪ್‌ಟಾಪ್. ಇನ್ನು ಮೇಲೆ ನಾವೆಲ್ಲ ಒಂದೇ ಫ್ಯಾಮಿಲಿಯಂತೆ. ಫ್ಯಾಮಿಲಿ! ನನಗಿರುವುದು ಅಕ್ಕ ಒಬ್ಬಳು. ತನ್ನ ಪಾಲಿನ ಶೇರು ಮಾರಿ, ಅಪ್ಪ ಕಟ್ಟಿದ ಕಂಪನಿಯನ್ನು ಇವನ ಬಾಯಿಗೆ ಹಾಕಿದವಳೂ ಅವಳೇ.

ಮಾರ್ಚ್ 5

ಟೈಗೆ — ಆ ದೂತನಿಗೆ ನಾನಿಟ್ಟ ಹೆಸರು — ಹಳೆಯ ಕೇಬಲ್‌ಗಳ ಪಟ್ಟಿ ಬೇಕಂತೆ. ಇಲ್ಲವೆಂದೆ. ಅಪ್ಪ ಲೇಬಲ್ ಅಂಟಿಸಿದವನಲ್ಲ. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದ. ಯಾವ ದಾರ ಯಾರ ಮನೆಗೆಂದು ನೋಟ್‌ಬುಕ್ಕಿನಲ್ಲಿ ಬರೆದ. ಅದು ನನ್ನ ಅಂಗಿಯೊಳಗೆ ಭದ್ರ. ದಾರ ನೋಡಿ ಟೈ ನಕ್ಕ. “ಇದೇನ್ರೀ, ಫೋನ್ ಕಂಪನಿನೋ ಟೈಲರ್ ಅಂಗಡಿನೋ?” ನಗು ಮಗನೇ, ನಗು.

ಮಾರ್ಚ್ 9

ಆರ್ಡರ್ ಬಂತು. ಹನ್ನೆರಡರ ಬೆಳಿಗ್ಗೆ ಹತ್ತಕ್ಕೆ, ಹೊಸ ಪಟ್ಟಿಯಲ್ಲಿಲ್ಲದ ಕೇಬಲ್ ಎಲ್ಲ ಕಟ್. ಗಡಿ ಸೇತುವೆಯಾಚೆಯ ನಲವತ್ತು ಲೈನು ಆ ಪಟ್ಟಿಯಲ್ಲೇ ಇಲ್ಲ! ನಲವತ್ತು ಮನೆಯವರು ಬಂದು ಟೈಯ ಕುತ್ತಿಗೆಪಟ್ಟಿ ಹಿಡಿಯಲಿ. ಕನ್ನಡಿ ಮುಂದೆ ನಿಂತು ಅಟ್ಟಹಾಸ ಮಾಡಿದೆ. ನಾಳೆ ರಜೆ. ಅವನ ಮುಖ ನೋಡಲಾರೆ.

ಮಾರ್ಚ್ 11, ಮಧ್ಯಾಹ್ನ

ಸೇತುವೆಯಾಚೆಯಿಂದ ಅಕ್ಕನ ಫೋನ್. ಆರು ತಿಂಗಳಾಗಿತ್ತು ಮಾತು ಬಿಟ್ಟು. “ಇನ್ನೂ ಬದುಕಿದ್ದೀಯೇನೋ?” ಎಂದಳು. ದ್ರೋಹಿ ಎಂದೆ, ಮನೆಮುರುಕಿ ಎಂದೆ. ಐದು ನಿಮಿಷ ಉಸಿರು ಬಿಡದೆ ಬೈದೆ. ಕೇಳಿಸಿಕೊಂಡಳು.

“ಮುಗೀತಾ ನಾಟಕ? ನಿಮ್ಮ ಭಾವನ ಉಸಿರಾಟದ ಮೆಷಿನ್ ತಗೊಳ್ಳೋಕೆ ಮಾರಿದೆ ಕಣೋ. ಅದು ನಿಂತ್ರೆ ಆಸ್ಪತ್ರೇಲಿ ತಾನಾಗೇ ಗಂಟೆ ಹೊಡೆಯೋದು ಇದೇ ಲೈನಲ್ಲಿ. ಕೆಡದ ಹಾಗೆ ನೋಡ್ಕೋ. ಹೇಳೋಕೆ ನಂಗೆ ಇನ್ಯಾರಿದ್ದಾರೆ.”

ಇಟ್ಟುಬಿಟ್ಟಳು.

ನೋಟ್‌ಬುಕ್ ತೆರೆದೆ. ಅಕ್ಕ — ಹಳದಿ ದಾರ. ಕೇಬಲ್‌ಗಳ ಹತ್ತಿರ ಓಡಿದೆ... ಒಂದು ದಾರವೂ ಇಲ್ಲ. ನಿನ್ನೆ ನಾನು ಮುನಿಸಿಕೊಂಡು ಮನೆಯಲ್ಲಿದ್ದಾಗ ಟೈ ಕ್ಲೀನ್ ಮಾಡಿಸಿದ್ದಾನೆ. ಬಣ್ಣದ ದಾರವೆಲ್ಲ ಕಸದ ಬುಟ್ಟಿಯಲ್ಲಿ ಗಂಟು ಗಂಟಾಗಿ ಬಿದ್ದಿತ್ತು.

ಮಾರ್ಚ್ 12, ಬೆಳಿಗ್ಗೆ 7.30

ಟೈಯ ಮೇಜಿನ ಮೇಲೆ ನೋಟ್‌ಬುಕ್ ಇಟ್ಟೆ. “ತಪ್ಪಾಯ್ತು ಸಾರ್.” ಅಕ್ಕನ ಲೈನಿನ ಕಥೆ ಹೇಳಿದೆ. ನಾನು ಜನ್ಮದಲ್ಲೇ ಇಷ್ಟು ಮೆಲ್ಲಗೆ ಮಾತಾಡಿದವನಲ್ಲ. ಅವನು ಪುಟ ತಿರುವಿದ, ಬುಟ್ಟಿಯ ಕಡೆ ನೋಡಿದ, ಬೆವರಿದ. ಆರ್ಡರ್ ಮೇಲಿನವರದು, ನಿಲ್ಲಿಸಲು ತನ್ನಿಂದಾಗದು ಎಂದ. ಒಂದೊಂದಕ್ಕೂ ರಿಂಗ್ ಮಾಡಿ ಯಾರ ಲೈನೆಂದು ಹೇಳಿದರೆ ಪಟ್ಟಿಗೆ ಸೇರಿಸುತ್ತಾನಂತೆ. ಗಡುವು ಹತ್ತು ಗಂಟೆ. ಛೀ, ಈ ಮುಖಕ್ಕೆ ಕೈ ಮುಗಿಯಬೇಕಾಯಿತಲ್ಲ.

9.20

ಒಂದು ಕೈಯಲ್ಲಿ ಕೇಬಲಿಗೆ ಸಿಕ್ಕಿಸುವ ಟೆಸ್ಟ್ ಫೋನ್, ಇನ್ನೊಂದರಲ್ಲಿ ಪೆನ್ನು. ಸಿಕ್ಕವರನ್ನು ಇಲ್ಲೇ ಗೀಚುತ್ತಿದ್ದೇನೆ. ಶಾಲೆ. ದರ್ಜಿ. ಬೀಗದವನು. ಕಿವುಡಜ್ಜಿ — ಮೂರು ನಿಮಿಷ ತಿಂದಳು. ಇಪ್ಪತ್ತೆರಡಾಯಿತು.

9.51

ಮೂವತ್ತನಾಲ್ಕು. ಅಕ್ಕನಿಲ್ಲ. ಕಟ್ಟರ್ ಹಿಡಿದ ಇಬ್ಬರು ಬಾಗಿಲಲ್ಲಿ ನಿಂತಿದ್ದಾರೆ. ಟೈ ಗಡಿಯಾರ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾನೆ.

9.58

ಮೂವತ್ತೇಳು. ರಿಂಗ್ ಆಗುತ್ತಿದೆ... ಎತ್ತೇ ತಾಯಿ. ಎತ್ತಿ ಬೈಯೇ, ಬಾಯಿಗೆ ಬಂದ ಹಾಗೆ ಬೈಯೇ. ಯಾರೋ ಎತ್ತಿದರು —

“ಇನ್ನೂ ಬದುಕಿದ್ದೀಯೇನೋ?”