ಕೊಡಗಿನಲ್ಲಿ ಬಿದ್ದ ಗೋಲು

ಅತ್ತೆ,

ಮೊದಲು ತಪ್ಪೊಪ್ಪಿಗೆ. ಹಾಸ್ಟೆಲಿನವರಿಗೆಲ್ಲ ಹಂಚು ಎಂದು ನೀನು ಕೊಟ್ಟಿದ್ದ ಶೇಂಗಾ ಚಟ್ನಿಪುಡಿಯನ್ನು ಆಟದ ಸಾಕ್ಸಿನಲ್ಲಿ ಬಚ್ಚಿಟ್ಟು ಒಬ್ಬನೇ ತಿಂದ ಅಪರಾಧಿ ನಾನೇ. ಫೋನು ವಾರ್ಡನ್ ಬೀರುವಿನಲ್ಲಿ ಸೆರೆಯಾಗಿದೆ. ಅದಕ್ಕೇ ಈ ಕಾರ್ಡು.

ಈ ಕೊಡಗಿನಲ್ಲಿ ಮೊಮ್ಮಕ್ಕಳನ್ನು ಕಂಡ ಅಜ್ಜಂದಿರೂ ಸ್ಟಿಕ್ ಹಿಡಿದು ಹಾಕಿ ಆಡುತ್ತಾರೆ. ನಮ್ಮ ಚನ್ನಗಿರಿಯಲ್ಲಿ ಆ ವಯಸ್ಸಿಗೆ ಹಿಡಿಯುವ ಕೋಲೇ ಬೇರೆ. ಮೈದಾನದಲ್ಲಿ ಕೋಚ್ ‘ಪಾಸ್ ಮಾಡೋ’ ಎಂದು ಕೂಗಿದರೆ, ತರಗತಿಯಲ್ಲಿ ಗಣಿತದ ಮೇಡಂ ‘ಪಾಸಾದ್ರೂ ಆಗೋ’ ಎನ್ನುತ್ತಾರೆ. ಬೆಳಗಿನ ಓಟದ ನಂತರ ಅವರ ಪೀರಿಯಡ್ಡಿನಲ್ಲಿ ನನಗೆ ತಪ್ಪಿಲ್ಲದೆ ಬರುವುದು ನಿದ್ದೆಯೊಂದೇ. ಮೊಣಕಾಲಿನ ಊತ ಇಳಿದಿದೆ, ಅವ್ವನಿಗೆ ಹೇಳು.

ಊರು ನೆನಪಾಗುತ್ತದಾ ಎಂದು ಕೇಳಿದ್ದೆಯಲ್ಲ, ಅದಕ್ಕೆಲ್ಲ ಪುರುಸೊತ್ತೇ ಇಲ್ಲ. ರಾಜ್ಯ ತಂಡದ ಆಯ್ಕೆಗೆಂದು ಇಟ್ಟ ಪಂದ್ಯದಲ್ಲಿ ಕೊನೆಯ ಗೋಲು ಬಿದ್ದದ್ದು ನನ್ನ ಸ್ಟಿಕ್ಕಿನಿಂದಲೇ.

ಬಿದ್ದದ್ದು ಮಾತ್ರ ನಮ್ಮದೇ ಗೋಲಿಗೆ. ಬೇಲಿಯಾಚೆ ಲಾರಿ ನಿಲ್ಲಿಸಿದ್ದ ಡ್ರೈವರೊಬ್ಬ ಫೋನಿನಲ್ಲಿ ‘ಅವ್ವಾ, ಮೈ ಹೆಂಗೈತೆ’ ಎಂದ. ಇಲ್ಲಿಗೆ ಬಂದಾಗಿನಿಂದ ಬರೀ ‘ಇದೆ, ಇದೆ’ ಕೇಳಿದ್ದ ಕಿವಿ ಆ ಕಡೆ ತಿರುಗಿತು, ಜೊತೆಗೆ ಕತ್ತೂ ತಿರುಗಿತು. ಎದುರಾಳಿ ಹೊಡೆದ ಚೆಂಡು ನನ್ನ ಸ್ಟಿಕ್ಕಿಗೆ ತಾಗಿ ಒಳಗೆ ಹೋಯಿತು. ತಂಡದಲ್ಲಿ ನನಗೆ ಜಾಗ ಸಿಗಲಿಲ್ಲ. ಗೋಲಿಗೂ ಗೋಳಿಗೂ ಇರುವ ದೂರ ಅಷ್ಟೇ.

ಆಟ ಮುಗಿದ ಮೇಲೆ ಆ ಡ್ರೈವರನ ಹತ್ತಿರ ಹೋಗಿ, ‘ಅಣ್ಣಾ, ಇನ್ನೊಂದ್ಸಲ ಐತೆ ಅನ್ರೀ’ ಎಂದು ಕೇಳಿದೆ.

‘ಯಾಕೋ ತಮ್ಮ, ತಲೆ ನೆಟ್ಟಗೈತಾ’ ಎಂದ.

ಅತ್ತೆ, ಅಷ್ಟಕ್ಕೇ ನಾನು ಅತ್ತೆ.

ನಿನ್ನ ತಿಮ್ಮೇಶ