ಸೂಜಿಗೊಂದೇ ನೀಲಿ

ಮಾರ್ಚ್ 12, ಬುಧವಾರ

ನೀಲಿ ಫ್ರಾಕನ್ನು ಸಂಜೆಯೊಳಗೆ ಕೊಡಬೇಕಿತ್ತು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ನಿಗೆ ಮೂರು ಕೋನ್ ದಾರ ಬೇಕು, ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ನೀಲಿ ಇದ್ದದ್ದು ಒಂದೇ. ಚಿಕ್ಕಮ್ಮ ತಲೆಯ ಮೇಲೆ ಕೈಹೊತ್ತು ಕೂತರು. ಮೂರು ತಿಂಗಳಿಂದ ಬರೀ ಗುಂಡಿ ಹೊಲಿಯುತ್ತಿರುವ ನಾನು ಹೇಗೋ ಬಾಯಿ ತೆರೆದೆ.

"ಹೊರಗೆ ಕಾಣೋದು ಸೂಜಿ ದಾರ ಒಂದೇ ಅಲ್ವಾ? ಅದಕ್ಕೆ ನೀಲಿ, ಉಳಿದೆರಡಕ್ಕೆ ಬೂದು ಹಾಕೋಣ."

"ಪರವಾಗಿಲ್ವೇ, ನಿನಗೂ ನಾಲಿಗೆ ಇದೆ. ಕೂತ್ಕೋ, ನೀನೇ ಹೊಲಿ."

ಸೂಜಿಯಲ್ಲಿದ್ದ ಹಳೆಯ ಬಿಳಿ ದಾರದ ತುದಿಗೆ ನೀಲಿಯನ್ನು ಗಂಟು ಹಾಕಿ ಎಳೆದೆ. ಬಿಳಿ ಹೋದ ಜಾಗಕ್ಕೆ ನೀಲಿ ಬಂತು. "ಆದೇಶ ಸಂಧಿ," ಎಂದು ಬಾಯಿತಪ್ಪಿ ಅಂದುಬಿಟ್ಟೆ.

"ಇಲ್ಲಿ ಆದೇಶ ಕೊಡೋಳು ನಾನು," ಎಂದರು ಚಿಕ್ಕಮ್ಮ. ಮುಗಿದ ಫ್ರಾಕನ್ನು ಒಳಹೊರಗೆ ತಿರುವಿ ನೋಡಿದ ಮೇಲೆ ಮತ್ತೆ ಅಂದರು: "ನಾಳೆಯಿಂದ ಈ ಮಿಷನ್ನು ನಿಂದು. ಇದೂ ಆದೇಶಾನೇ."

ನಿದ್ದೆಗೆ ಕಣ್ಣು ಎಳೆಯುತ್ತಿದೆ, ನಗು ಮಾತ್ರ ನಿಲ್ಲುತ್ತಿಲ್ಲ.