ನಂಬರ್ ಪ್ಲೇಟ್ ಇಲ್ಲದವರ ಮೈದಾನ

ನದಿಯಾಚೆಯ ಬಿಡಾರ ಮೈದಾನವನ್ನು ನೋಡಿಕೊಳ್ಳುವ ನಗರಸಭೆಯ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಬದುಕಿದ್ದೇನೆ. ಪತ್ರದ ಮೊದಲ ಸಾಲಿನಲ್ಲೇ ಇದನ್ನು ಹೇಳಿಕೊಳ್ಳಬೇಕಾಗಿ ಬಂದದ್ದು ತಮ್ಮ ಕಚೇರಿಯ ಪ್ರಕಟಣೆಯಿಂದ. ಬಿಡಾರ ಮೈದಾನದ ಕೆಳಗಡೆ, ಸೈಕಲ್ಲಿನಲ್ಲಿ ಬಂದವರಿಗೆಂದೇ ಬಿಟ್ಟಿರುವ ಹುಲ್ಲಿನ ತುಂಡಿಗೆ "ಕಳೆದ ಎರಡು ವರ್ಷಗಳಿಂದ ಯಾರೂ ಬಂದಿಲ್ಲ" ಎಂದು ತಾವು ಅಚ್ಚು ಹಾಕಿಸಿದ್ದೀರಿ. ಆದಕಾರಣ ಬೇಲಿ ಕಿತ್ತು, ಪಾಪ್ಲರ್ ಮರ ಉರುಳಿಸಿ, ನೆಲಕ್ಕೆ ಕಲ್ಲು ಹಾಸಿ, ಅಡಿಗೆಮನೆ, ಹಾಸಿಗೆ, ಕಕ್ಕಸು ಎಲ್ಲವನ್ನೂ ಹೊತ್ತು ತಿರುಗುವ ಮನೆಗಾಡಿಗಳಿಗೆ ಕೊಡುವುದಾಗಿಯೂ ತಿಳಿಸಿದ್ದೀರಿ. ಆ ಎರಡೂ ಬೇಸಿಗೆ ನಾನು ಅಲ್ಲಿಗೆ ಬಂದು ಗುಡಾರ ಹಾಕಿ ಮಲಗಿದ್ದೇನೆ. ನನ್ನ ಗೊರಕೆ ಬಗ್ಗೆ ಮೇಲಿನ ಮನೆಗಾಡಿಯ ಹೆಂಗಸೊಬ್ಬಳು ದೂರು ಕೂಡ ಕೊಟ್ಟಿದ್ದಾಳೆ. ಅಂದಮೇಲೆ ಒಂದೋ ತಮ್ಮ ಪ್ರಕಟಣೆ ತಪ್ಪು, ಇಲ್ಲವೇ ನಾನು ದೆವ್ವ. ಯಾವುದೆಂದು ತಾವೇ ತೀರ್ಮಾನಿಸಿ. ಆದರೆ ದೆವ್ವದ ಗೊರಕೆಯ ಮೇಲೆ ಯಾರಾದರೂ ದೂರು ಕೊಟ್ಟದ್ದನ್ನು ನಾನು ಕೇಳಿಲ್ಲ.

ಸುಮ್ಮನೆ ಬರೆಯುತ್ತಿಲ್ಲ, ಮೊದಲು ತಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದ್ದೇನೆ. ಎತ್ತಿದವನು ಬಹಳ ಮರ್ಯಾದಸ್ಥ ಹುಡುಗ.

"ಯಜಮಾನ್ರೇ, ನಮ್ ಲೆಕ್ಕದಲ್ಲಿ ಅಲ್ಲಿಗೆ ಯಾರೂ ಬಂದಿಲ್ಲ" ಅಂದ.

"ನಾನು ಬಂದಿದ್ನಲ್ಲಪ್ಪ."

"ನಿಮ್ ಗಾಡಿ ನಂಬರ್ ಹೇಳಿ, ನೋಡ್ತೀನಿ."

"ಸೈಕಲ್ಲಿಗೆ ನಂಬರ್ ಎಲ್ಲಿರುತ್ತೆ ಮಾರಾಯ?"

"ಗೇಟಲ್ಲಿ ಕ್ಯಾಮೆರಾ ಇದೆಯಲ್ಲ, ಅದು ನಂಬರ್ ಪ್ಲೇಟ್ ನೋಡೇ ಎಣಿಸೋದು."

"ಪ್ಲೇಟ್ ಇಲ್ದವ್ರು ಬಂದ್ರೆ?"

ಕೀಲಿಮಣೆ ಕುಟ್ಟಿದ ಸದ್ದು ಕೇಳಿಸಿತು. ಆಮೇಲೆ, ಸಾವಿನ ಸುದ್ದಿ ತಿಳಿಸುವವರ ದನಿಯಲ್ಲಿ, "ಹಾಗಾದ್ರೆ ನೀವು ಬಂದಿಲ್ಲ, ಯಜಮಾನ್ರೇ" ಅಂದ.

ಇದನ್ನೇ ತಾವು ಸಮೀಕ್ಷೆ ಎಂದು ಕರೆದದ್ದು! ಸೈಕಲ್ಲಿನವರ ಮೈದಾನಕ್ಕೆ ಯಾರು ಬರುತ್ತಾರೆಂದು ತಿಳಿಯಲು ಕಾರುಗಳನ್ನು ಎಣಿಸಿದ್ದೀರಿ. ಮೀನಿಗೆ ಬಲೆ ಹಾಕಿದವನು ಬಲೆಯಲ್ಲಿ ಮೊಲ ಸಿಗಲಿಲ್ಲವೆಂದು ಕಾಡಿನಲ್ಲಿ ಮೊಲವೇ ಇಲ್ಲ ಎಂದು ಬರೆದುಕೊಂಡಂತಾಯಿತು. ನಾನು ಫ್ರೀಸ್‌ಲ್ಯಾಂಡ್ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಓದಿದವನು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಆದರೂ ಅಲ್ಲಿ ಹಾಜರಿ ಕರೆಯುವಾಗ ಮಕ್ಕಳ ಮುಖ ನೋಡುತ್ತಿದ್ದರು, ಬೂಟಿನ ನಂಬರ್ ನೋಡುತ್ತಿರಲಿಲ್ಲ.

ಆ ಹುಲ್ಲಿನ ತುಂಡಿಗೆ ಅದರದೇ ಒಂದು ರೂಢಿ ಇದೆ. ತಮ್ಮ ಕಡತದಲ್ಲಿ ಇರಲಾರದು, ಅದಕ್ಕೇ ಹೇಳುತ್ತೇನೆ. ಅಲ್ಲಿಗೆ ಬರುವವರು ಗೇಟಿನಿಂದ ಬರುವುದಿಲ್ಲ. ದೋಣಿ ಇಳಿದು, ಏರಿಯ ಮೇಲೆ ಸ್ವಲ್ಪ ತುಳಿದರೆ, ಮುಳ್ಳುಗಿಡದ ಬೇಲಿಯಲ್ಲಿ ಒಂದು ಕಂಡಿ ಇದೆ. ಸೈಕಲ್ ಹ್ಯಾಂಡಲ್ ತೂರುವಷ್ಟೇ ಅಗಲ. ಬಂದವರು ಕಂಡಿಯ ಹತ್ತಿರ ನಿಂತು ಬೆಲ್ ಬಾರಿಸಬೇಕು, ಎಷ್ಟು ಜನವೋ ಅಷ್ಟು ಸಲ. ಒಳಗೆ ಗುಡಾರದಲ್ಲಿರುವವರು ಜಾಗ ಇದ್ದರೆ ಒಂದು ಸಲ ತಮ್ಮ ಬೆಲ್ ಬಾರಿಸುತ್ತಾರೆ. ಅಷ್ಟೇ. ಮುಂಗಡ ಕಾಯ್ದಿರಿಸುವುದು, ಗೇಟಿನ ಗುಪ್ತ ಸಂಖ್ಯೆ, ಯಾವುದೂ ಇಲ್ಲ. ಜಾಗ ಇಲ್ಲವೆಂದು ಯಾರೂ ಬೆಲ್ ಬಾರಿಸದೆ ಕೂತದ್ದನ್ನು ನಾನು ನೋಡಿಲ್ಲ. ಹೋಟೆಲಿಗೆ ಗತಿಯಿಲ್ಲದ ಗಂಡ ಹೆಂಡಿರು, ಹಿಟ್ಟು ಬೇಳೆ ಚೀಲದಲ್ಲಿ ಕಟ್ಟಿಕೊಂಡು ದೇಶ ಸುತ್ತುವ ಎಳೆಯ ಜೋಡಿಗಳು, ಎಲ್ಲರೂ ಒಂದಿಷ್ಟು ಸರಿದು ಜಾಗ ಮಾಡಿಕೊಂಡವರೇ.

ನಾನೂ ನನ್ನ ಹೆಂಡತಿ ಬೌಕ್ಯೆಯೂ ಮದುವೆಯಾದ ಬೇಸಿಗೆಯಿಂದ ಅಲ್ಲಿಗೆ ಬಂದವರು. ನಮ್ಮ ಗುಡಾರ ಅರ್ಧ ಗುಡಾರ, ಅರ್ಧ ಹಳೇ ಮಳೆ ಅಂಗಿ. ಊಟಕ್ಕೆ ಡಬ್ಬಿಯ ಹುರುಳಿ, ಊರಿಂದ ಕಟ್ಟಿಕೊಂಡ ಸಕ್ಕರೆ ಬ್ರೆಡ್ಡು. ಸೈಕಲ್ ತುಳಿಯುವುದರಲ್ಲಿ ನನ್ನ ಸಮ ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲ. ಇದು ಜಂಬವಲ್ಲ, ವರದಿ. ಕಡಲಿಗೆ ಕಟ್ಟಿದ ದೊಡ್ಡ ಏರಿಯ ಮೇಲೆ, ಕಡಲಹಕ್ಕಿಗಳು ಹಿಮ್ಮುಖವಾಗಿ ಹಾರುವಂಥ ಎದುರುಗಾಳಿಯಲ್ಲಿ, ಗೇರಿಲ್ಲದ ಸೈಕಲ್ಲಿನಲ್ಲಿ ಹಾಡುತ್ತ ದಾಟಿದ್ದೇನೆ. ಬೌಕ್ಯೆ ಇದ್ದಿದ್ದರೆ ಈ ಸಾಲು ಓದಿ, "ಹಾಡ್ಲಿಲ್ಲ ಮಹಾರಾಯ, ಬೈಕೋತಾ ಇದ್ದೆ. ಹಿಂದೆ ನಾನಿದ್ನಲ್ಲ, ಒಂದೊಂದೂ ಕೇಳಿಸ್ಕೊಂಡೆ" ಅನ್ನುತ್ತಿದ್ದಳು.

ನಮ್ಮ ಪದ್ಧತಿ ಹೀಗಿತ್ತು: ನಾನು ಮುಂದೆ ಓಡಿಸಿಕೊಂಡು ಹೋಗಿ ಪಾಪ್ಲರ್ ಮರದ ಕೆಳಗಿನ ಜಾಗ ಹಿಡಿಯುವುದು, ಅವಳು ದಾರಿಯುದ್ದಕ್ಕೂ ಹಸು, ಕರು, ಹೂವು, ಹೆಂಗಸರು ಎಲ್ಲರನ್ನೂ ಮಾತಾಡಿಸಿಕೊಂಡು ಹಿಂದೆ ಬರುವುದು. ಸಂಜೆ ಬೇಲಿಯ ಕಂಡಿಯಲ್ಲಿ ಅವಳ ಬೆಲ್ ಕೇಳಿಸುತ್ತಿತ್ತು. ಕಲ್ಲುಹಾಸಿನ ಮೇಲೆ ಬಿದ್ದು ಸ್ಪ್ರಿಂಗ್ ಕೆಟ್ಟ ಬೆಲ್ ಅದು. ಎಲ್ಲರ ಬೆಲ್ಲೂ ಟ್ರಿಣ್ ಟ್ರಿಣ್ ಅಂದರೆ ಅವಳದು ಟ್ರಿ... ಟಕ್ ಅನ್ನುತ್ತಿತ್ತು. ಬೇರೆ ಹಾಕಿಸಿಕೊಡುತ್ತೇನೆ ಅಂದರೆ ಒಪ್ಪುತ್ತಿರಲಿಲ್ಲ. "ನಂಗೆ ಇದೇ ಇರ್ಲಿ. ಬಂದೋಳು ನಾನೇ ಅಂತ ನಿಂಗೆ ಗೊತ್ತಾಗ್ಬೇಕಲ್ಲ. ಇಲ್ಲಾಂದ್ರೆ ಬೇರೆ ಯಾರ್ಗೋ ಜಾಗ ಕೊಟ್ಬಿಟ್ಟೀಯ."

ಎರಡು ಚಳಿಗಾಲದ ಹಿಂದೆ ಬೌಕ್ಯೆ ಹಾಸಿಗೆ ಹಿಡಿದಳು, ಏಳಲಿಲ್ಲ. ಕೊನೆಯ ವಾರದಲ್ಲಿ ಒಂದು ದಿನ ಕಿಟಕಿ ಕಡೆ ಮುಖ ಮಾಡಿ ನಕ್ಕಳು.

"ಏನೇ?" ಅಂದೆ.

"ಈ ಸಲ ನಾನೇ ಮುಂದೆ ಹೋಗಿ ಜಾಗ ಹಿಡೀತೀನಿ ಕಣೋ ವೀಬೆ. ನೀನು ಹಿಂದೆ ಬಾ. ಬೆಲ್ ಮಾಡು. ಆತುರ ಪಡ್ಬೇಡ."

ನಾನು ಏನೋ ತಮಾಷೆ ಮಾಡಲು ಹೋದೆ. ಆಗದೆ ಅವಳ ಹೊದಿಕೆ ಸರಿಮಾಡಿದೆ.

ಆ ಬೇಸಿಗೆ ಒಬ್ಬನೇ ಬಂದೆ. ಮೈದಾನ ಖಾಲಿ ಇತ್ತು, ಒಂದು ಗುಡಾರವೂ ಇರಲಿಲ್ಲ. ಇಷ್ಟರಮಟ್ಟಿಗೆ ತಮ್ಮ ಕ್ಯಾಮೆರಾ ಹೇಳಿದ್ದು ಸರಿ. ನದಿಯಾಚೆ ಊರಿನ ಗೋಪುರದ ಗಂಟೆ ಮುಗಿದು ಗಾಳಿ ನಿಂತಿತ್ತು. ಕಂಡಿಯಲ್ಲಿ ನಿಂತು ಬೆಲ್ ಬಾರಿಸಿದೆ. ಬಾರಿಸಿದ ಮೇಲೆ ಗೊತ್ತಾಯಿತು, ಎರಡು ಸಲ ಬಾರಿಸಿದ್ದೆ. ಹಿಂದೆ ಬರುವವಳನ್ನೂ ಸೇರಿಸಿ ಬಾರಿಸುವುದು ಕೈಗೆ ಅಭ್ಯಾಸ. ಒಬ್ಬನೇ ಬಂದು ಇಬ್ಬರೆಂದು ಹೇಳಿಬಿಟ್ಟೆನಲ್ಲಾ ಎಂದು, ಆ ಬರಿದಾದ ಜಾಗದಲ್ಲೂ ನಾಚಿಕೆಯಾಯಿತು.

ಆಗ ಒಳಗಿನಿಂದ, ಪಾಪ್ಲರ್ ಮರದ ಕಡೆಯಿಂದ, ಒಂದು ಸಲ: ಟ್ರಿ... ಟಕ್.

ಸ್ವಾಮಿ, ಆ ಬೆಲ್ ನಮ್ಮ ಮನೆಯ ಅಡಿಗೆಮನೆ ಕಿಟಕಿಯಲ್ಲಿದೆ. ನಾನೇ ಅವಳ ಸೈಕಲ್ಲಿನಿಂದ ಬಿಚ್ಚಿ ಇಟ್ಟದ್ದು. ಬಾರಿಸುವ ಕಡ್ಡಿ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಈಗ ಬೆರಳಿಟ್ಟರೂ ಸದ್ದು ಬರುವುದಿಲ್ಲ.

ನಾನು ಓಡಿಹೋಗಲಿಲ್ಲ. ಧೈರ್ಯವಿತ್ತೆಂದು ಹೇಳಿಕೊಳ್ಳಬಹುದು, ಆದರೆ ನಿಜದಲ್ಲಿ ಕಾಲು ಬರಲಿಲ್ಲ. ಆಮೇಲೆ ಒಳಗೆ ಹೋಗಿ, ಜಾಗ ಇದೆ ಎಂದು ಹೇಳಿಸಿಕೊಂಡವನ ಹಾಗೆ, ಮರದ ಕೆಳಗೆ ಇಬ್ಬರ ಗುಡಾರ ಹಾಕಿದೆ. ಎಡಗಡೆ ಅವಳ ಜಾಗ ಬಿಟ್ಟು ಮಲಗಿದೆ. ಬೆಳಿಗ್ಗೆ ಗುಡಾರ ಎತ್ತಿದಾಗ ಹುಲ್ಲು ಇಬ್ಬರ ಅಗಲಕ್ಕೆ ಒರಗಿತ್ತು. ಇಬ್ಬರ ಗುಡಾರ ಹಾಕಿದರೆ ಹುಲ್ಲು ಅಷ್ಟೇ ಅಗಲ ಒರಗುತ್ತದೆ ಎಂದು ನನಗೂ ಗೊತ್ತು. ಗೊತ್ತಿದ್ದೂ ಬಹಳ ಹೊತ್ತು ನೋಡುತ್ತ ನಿಂತಿದ್ದೆ.

ಮುದುಕನ ಕಿವಿ ಎಂದು ತಾವು ನಗಬಹುದು. ಹೋದ ಬೇಸಿಗೆಯ ಸಂಗತಿಯನ್ನೂ ಕೇಳಿ. ದೋಣಿಕಟ್ಟೆಯಲ್ಲಿ ಪೋಲೆಂಡಿನ ಒಂದು ಎಳೆಯ ಜೋಡಿ ಸಿಕ್ಕಿತು, ಇಡಾ ಮತ್ತು ವೋಯ್ಟೆಕ್. ಅವರು ಮೈದಾನದಿಂದ ಊರ ಕಡೆಗೆ ಬಂದಿದ್ದರು, ನಾನು ಆಗಷ್ಟೇ ಆ ಕಡೆಗೆ ಹೊರಟಿದ್ದೆ. ಸೈಕಲ್ಲಿಗೆ ಒಗೆದ ಕಾಲುಚೀಲ ನೇತುಹಾಕಿಕೊಂಡು ಒಣಗಿಸುತ್ತಿದ್ದರು. ರಾತ್ರಿ ಜಾಗ ಸಿಕ್ಕಿತೇ ಎಂದು ಕೇಳಿದೆ.

"ಸಿಕ್ತು ಅಂಕಲ್" ಅಂದ ವೋಯ್ಟೆಕ್. "ದಾರೀಲಿ ಯಾರೋ ಹೇಳಿದ್ರು, ಬೆಲ್ ಮಾಡಿ ಅಂತ. ಮಾಡಿದ್ವಿ. ಒಳಗಿಂದ ಬೆಲ್ ಬಂತು, ಹೋದ್ವಿ. ಆದ್ರೆ ಒಳಗೆ ಯಾರೂ ಇರ್ಲಿಲ್ಲ."

"ಇವನಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ" ಎಂದಳು ಇಡಾ. "ನನ್ನೂ ಮಲಗೋಕೆ ಬಿಡ್ಲಿಲ್ಲ, ಪುಕ್ಕಲ."

"ನೀನು ದೀಪ ಆರಿಸೋಕೆ ಬಿಟ್ಯಾ? ಹೇಳು ಮತ್ತೆ!"

ಬೆಲ್ ಹೇಗಿತ್ತು ಎಂದು ಕೇಳಿದೆ. ಕೇಳಬಾರದಿತ್ತೇನೋ. ಆ ಹುಡುಗಿ ತುಟಿ ಒತ್ತಿ, ನಾಲಿಗೆ ಸಿಡಿಸಿ ಮಾಡಿ ತೋರಿಸಿದಳು. ಟ್ರಿ... ಟಕ್. ದೋಣಿಕಟ್ಟೆಯ ಕಟಾಂಜನ ಹಿಡಿದುಕೊಂಡೆ.

ಹಿಂದಿನ ಸಂಜೆ ನಾನು ಇನ್ನೂ ನಮ್ಮ ಹಳ್ಳಿಯಲ್ಲಿದ್ದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ನನ್ನ ಅಣ್ಣನ ಮಗಳು ಹಿಲ್ಕೆ ಪೇಟೆಯಲ್ಲಿ ಓದಿದವಳು. ಅವಳ ಪ್ರಕಾರ ಅದು ಕಬ್ಬಕ್ಕಿ. "ಚಿಕ್ಕಪ್ಪ, ಕಬ್ಬಕ್ಕಿ ಕೇಳಿದ ಸದ್ದನ್ನೆಲ್ಲ ಕಲಿಯುತ್ತೆ. ಚಿಕ್ಕಮ್ಮನ ಬೆಲ್ ಕೇಳಿ ಕಲಿತಿದೆ. ಪಾಪ್ಲರ್ ಮರದ ಪೊಟರೆಯಲ್ಲಿ ಇರಬೇಕು, ಹೋಗಿ ನೋಡು." ಹೋಗಿ ನೋಡಿದೆ. ಪೊಟರೆಯಲ್ಲಿ ಕಬ್ಬಕ್ಕಿ ಇದ್ದದ್ದೂ ನಿಜ. ನಾನು ನೋಡುವಷ್ಟು ಹೊತ್ತೂ ಅದು ಬಾಯಿಬಿಡಲಿಲ್ಲ. ನಾನು ವಾದ ಮಾಡುವವನಲ್ಲ. (ಬೌಕ್ಯೆ ಇದ್ದಿದ್ದರೆ ಇಲ್ಲೂ ನಗುತ್ತಿದ್ದಳು.) ಕಬ್ಬಕ್ಕಿಯೇ ಆಗಿರಲಿ. ವರ್ಷಕ್ಕೊಂದು ಸಂಜೆ ಕೇಳಿದ್ದನ್ನು ಅದು ಹೇಗೆ ಕಲಿಯಿತು? ಸರಿ, ಕಲಿಯಿತು ಎನ್ನೋಣ. ಕಂಡಿಯಲ್ಲಿ ಬೆಲ್ ಬಾರಿಸಿದವರಿಗೆ ಒಂದೇ ಸಲ ಉತ್ತರ ಕೊಡಬೇಕು, ಜಾಗ ಇದ್ದರೆ ಮಾತ್ರ ಕೊಡಬೇಕು, ಇದನ್ನು ಅದಕ್ಕೆ ಯಾರು ಹೇಳಿಕೊಟ್ಟರು? ತಮ್ಮ ಕಚೇರಿಗೆ ಬಾರದ ವಿದ್ಯೆ ಒಂದು ಹಕ್ಕಿಗೆ ಬಂತೇ?

ಬೌಕ್ಯೆಗೆ ನಮ್ಮ ಹಳ್ಳಿಯ ಚರ್ಚಿನ ಪಕ್ಕ ಒಂದು ಕಲ್ಲಿದೆ, ಅದರ ಮೇಲೆ ಹೆಸರಿದೆ. ಅಲ್ಲಿ ಎಷ್ಟು ಹೊತ್ತು ನಿಂತರೂ ಅವಳು ಮಾತಾಡಿಲ್ಲ. ಅವಳ ಸದ್ದು ಭೂಮಿಯ ಮೇಲೆ ಉಳಿದಿರುವುದು ತಾವು ಕಡಿಯಲೆಂದು ಕೆಂಪು ಪಟ್ಟಿ ಕಟ್ಟಿಸಿರುವ ಆ ಪಾಪ್ಲರ್ ಮರದಲ್ಲಿ ಮಾತ್ರ. ಹಕ್ಕಿಯೋ ಅವಳೋ, ನನಗೆ ಬೇರ್ಪಡಿಸಲು ಬರುವುದಿಲ್ಲ. ಬೇರ್ಪಡಿಸುವ ಮನಸ್ಸೂ ಇಲ್ಲ. ಆದರೆ ಗರಗಸಕ್ಕೆ ಇಬ್ಬರೂ ಒಂದೇ.

ಮನೆಗಾಡಿಗಳಿಗೆ ಊರ ತುಂಬ ಜಾಗವಿದೆ. ಹೋದಲ್ಲೆಲ್ಲ ಸ್ವಂತ ಮನೆಯನ್ನೇ ಹೊತ್ತು ಬರುವವರಿಗೆ ಈ ಒಂದು ಮರದ ನೆರಳು ಇಲ್ಲದಿದ್ದರೆ ನಿದ್ದೆ ಬಾರದೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮರ ಕಡಿಸುವ ಮುನ್ನ ಒಂದು ಸಂಜೆ ತಾವು ಖುದ್ದಾಗಿ ಬನ್ನಿ. ಕಾರಿನಲ್ಲಲ್ಲ, ಸೈಕಲ್ಲಿನಲ್ಲಿ. ಜೊತೆಗೆ ಮನೆಯವರನ್ನೂ ಕರೆದುಕೊಂಡು ಬನ್ನಿ, ಗಾಬರಿಯಾದರೆ ಕೈ ಹಿಡಿಯಲು ಯಾರಾದರೂ ಬೇಕಾಗುತ್ತದೆ. ಗೋಪುರದ ಗಂಟೆ ಮುಗಿಯುವವರೆಗೆ ಕಾದು, ಬೇಲಿಯ ಕಂಡಿಯಲ್ಲಿ ನಿಂತು, ಎಷ್ಟು ಜನವೋ ಅಷ್ಟು ಸಲ ಬೆಲ್ ಬಾರಿಸಿ. ಉತ್ತರ ಬಾರದಿದ್ದರೆ ಕಲ್ಲು ಹಾಸಿಕೊಳ್ಳಿ, ನಾನು ಮತ್ತೆ ಒಂದಕ್ಷರ ಬರೆಯುವುದಿಲ್ಲ. ಉತ್ತರ ಬಂದರೆ, ಒಳಗೆ ಯಾರೋ ಇದ್ದಾರೆಂದು ತಮ್ಮ ಲೆಕ್ಕದಲ್ಲಿ ಸೇರಿಸಿ, ಬೇಲಿಯನ್ನೂ ಮರವನ್ನೂ ಇದ್ದ ಹಾಗೇ ಬಿಡಿ. ನಾನೂ ಒಂದು ದಿನ ಕಂಡಿಯಲ್ಲಿ ಬೆಲ್ ಮಾಡಿ ಒಳಗೆ ಹೋಗಬೇಕಾದವನು. ನನಗಾಗಿ ಜಾಗ ಹಿಡಿದಿದ್ದಾಳೆ.

ಇಂತಿ,
ನಂಬರ್ ಪ್ಲೇಟ್ ಇಲ್ಲದ ಕಾರಣ ಸದ್ಯಕ್ಕೆ ಎಲ್ಲಿಗೂ ಬಂದಿರದ,
ವೀಬೆ
(ಈ ಸಲ ಹಿಂದೆ ಉಳಿದವನು)